ಎದುರಾಳಿಯ ಬಲವನ್ನು ಮೈಯಿಂದ ಓದುವ ವಿದ್ಯೆ

ತೈ ಚಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪಾರ್ಕಿನಲ್ಲಿ ನಿಧಾನವಾಗಿ ಕೈಕಾಲು ಆಡಿಸುವ ಹಿರಿಯರ ಚಿತ್ರ. ಅದು ಆ ವಿದ್ಯೆಯ ಅರ್ಧ ಭಾಗ. ಇನ್ನರ್ಧ, ಇಬ್ಬರು ಎದುರುಬದುರು ನಿಂತು ಕೈಗೆ ಕೈ ತಾಗಿಸಿ ಮಾಡುವ ಅಭ್ಯಾಸ. ಚೀನಾದಲ್ಲಿ ಇದನ್ನು ತುಯಿಶೌ ಎನ್ನುತ್ತಾರೆ. ಎದುರಿನವರ ಬಲ ಎತ್ತ ಹೊರಟಿದೆ, ಎಷ್ಟಿದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಸ್ಪರ್ಶದಿಂದಲೇ ತಿಳಿಯುವುದು ಇದರ ಗುರಿ. ಹಳ್ಳಿಯೊಂದರ ಕಾದಾಟದ ಗುಟ್ಟು ಬರಹಕ್ಕಿಳಿದು, ಪಾರ್ಕಿಗೆ ಬಂದು, ಕೊನೆಗೆ ಪ್ರಯೋಗಾಲಯದ ಅಳತೆಗೂ ಸಿಕ್ಕ ದಾರಿಯನ್ನು ಇಲ್ಲಿ ನೋಡೋಣ. ಇದೇ ತಿಳಿವಳಿಕೆ ನಮ್ಮ ಗರಡಿಮನೆಗಳಲ್ಲೂ ಇದೆ ಎಂಬುದನ್ನು ಬೆಂಗಳೂರಿನ ಗಿರಿನಗರದ ಪಾರ್ಕುಗಳಲ್ಲಿ ದಿನವೂ ಮೈ ದಂಡಿಸುವವರು ಮರೆಯಬಾರದು.

ಚೆನ್ ಮನೆತನದ ಹಳ್ಳಿ

ತೈ ಚಿಯ ಹುಟ್ಟನ್ನು ಝಾಂಗ್ ಸಾನ್‌ಫೆಂಗ್ ಎಂಬ ಸಂತನಿಗೆ ಕಟ್ಟುವ ಕಥೆಗಳಿವೆ. 1930ರ ದಶಕದಲ್ಲಿ ತಾಂಗ್ ಹಾವ್ ಎಂಬ ಸಂಶೋಧಕರು ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಹಳ್ಳಿಗೆ ಹೋಗಿ, ಆ ಮನೆತನದ ದಾಖಲೆಗಳನ್ನು ನೋಡಿ ಬೇರೆ ತೀರ್ಮಾನಕ್ಕೆ ಬಂದರು. 17ನೇ ಶತಮಾನದ ಯೋಧ ಚೆನ್ ವಾಂಗ್‌ತಿಂಗ್ ಈ ಪದ್ಧತಿಯನ್ನು ಕಟ್ಟಿದ, ಜೋಡಿ ಅಭ್ಯಾಸವೂ ಅವನದೇ ಎಂಬುದು ಅವರ ವಾದ. ಒಂಟಿಯಾಗಿ ವರಸೆ ಹಾಕುವುದಕ್ಕೂ ನಿಜವಾಗಿ ಹೊಡೆದಾಡುವುದಕ್ಕೂ ನಡುವೆ ದೊಡ್ಡ ಕಂದರವಿದೆ. ಮೂಳೆ ಮುರಿಯದಂತೆ ಆ ಕಂದರ ದಾಟಲು ತುಯಿಶೌ ಒಂದು ಸೇತುವೆಯಾಯಿತು.

ಬಹುಕಾಲ ಹಳ್ಳಿಯೊಳಗೇ ಉಳಿದಿದ್ದ ಈ ವಿದ್ಯೆಯನ್ನು ಹೊರಗೆ ತಂದವರು ಯಾಂಗ್ ಲುಚಾನ್ (1799–1872). ಚೆನ್ ಚಾಂಗ್‌ಶಿಂಗ್ ಅವರ ಬಳಿ ಕಲಿತು, ಬೀಜಿಂಗ್‌ಗೆ ಹೋಗಿ ಅಲ್ಲಿನ ಮಂಚು ಕುಲೀನರಿಗೆ ಕಲಿಸಿದರು.

ಬರಹಕ್ಕಿಳಿದ ಸ್ಪರ್ಶ

19ನೇ ಶತಮಾನದ ನಡುವಿನಲ್ಲಿ ಅಕ್ಷರ ಬಲ್ಲ ಮನೆತನವೊಂದು ಈ ವಿದ್ಯೆಗೆ ಮನಸ್ಸು ಕೊಟ್ಟಿತು. ವೂ ಯುಶಿಯಾಂಗ್ (1812–1880) ಮತ್ತು ಅವರ ಸೋದರಳಿಯ ಲಿ ಯಿಯು (1832–1892) ಹಳೆಯ ಪಠ್ಯಗಳನ್ನು ಕೂಡಿಸಿದರು, ತಮ್ಮ ಅನುಭವವನ್ನೂ ಬರೆದಿಟ್ಟರು. ಕೈಯಿಂದ ಕೈಗೆ ಮಾತ್ರ ದಾಟುತ್ತಿದ್ದ ತಿಳಿವಳಿಕೆಗೆ ಪರಿಭಾಷೆ ಹುಟ್ಟಿತು. ಎದುರಿನ ಬಲವನ್ನು ಆಲಿಸುವುದು ಮೊದಲ ಹಂತ, ಅರ್ಥ ಮಾಡಿಕೊಳ್ಳುವುದು ಎರಡನೆಯದು. ತಪ್ಪುಗಳಿಗೂ ಹೆಸರು ಬಂತು. ಬಂದ ಬಲಕ್ಕೆ ಎದುರು ಒತ್ತುವುದು ಒಂದು ತಪ್ಪು, ಹೆದರಿ ಕೈ ಬಿಡುವುದು ಇನ್ನೊಂದು. ಲಿ ಯಿಯು ಅವರು ಐದು ಸೂತ್ರಗಳ ಕಿರುಬರಹದಲ್ಲಿ ಮೊಟ್ಟಮೊದಲ ಸ್ಥಾನ ಕೊಟ್ಟದ್ದು ಮನಸ್ಸಿನ ಶಾಂತಿಗೆ. ಗಡಿಬಿಡಿಯ ಮನಸ್ಸು ಕೈಯನ್ನು ಬಿಗಿ ಮಾಡುತ್ತದೆ, ಬಿಗಿದ ಕೈಗೆ ಏನೂ ತಿಳಿಯದು.

ಇದನ್ನು ಒಂಟಿಗೈ ಅಭ್ಯಾಸದಲ್ಲಿ ಸ್ಪಷ್ಟವಾಗಿ ಕಾಣಬಹುದು. ಇಬ್ಬರೂ ಬಲಗಾಲು ಮುಂದಿಟ್ಟು ನಿಲ್ಲುತ್ತಾರೆ. ಬಲಗೈಗಳ ಮಣಿಕಟ್ಟಿನ ಹೊರಬದಿ ಒಂದಕ್ಕೊಂದು ತಾಗಿರುತ್ತದೆ. ಒಬ್ಬರು ಅಂಗೈ ತಿರುಗಿಸಿ ಇನ್ನೊಬ್ಬರ ಎದೆಯತ್ತ ಮೆಲ್ಲಗೆ ಒತ್ತುತ್ತಾರೆ. ಒತ್ತಿಸಿಕೊಂಡವರು ಕೈ ಕಿತ್ತುಕೊಳ್ಳುವಂತಿಲ್ಲ, ತಿರುಗಿ ತಳ್ಳುವಂತೆಯೂ ಇಲ್ಲ. ಭಾರವನ್ನು ಹಿಂಗಾಲಿಗೆ ಇಳಿಸಿ, ಸೊಂಟ ಹೊರಳಿಸಿ, ಬಂದದ್ದನ್ನು ಪಕ್ಕಕ್ಕೆ ಹಾಯಿಸುತ್ತಾರೆ. ಒತ್ತಿದವರ ಬಲ ಮುಗಿದಲ್ಲಿ ಇವರ ಸರದಿ ಶುರು. ಕೈಗಳು ಹೀಗೆ ಸುತ್ತುತ್ತಲೇ ಇರುತ್ತವೆ, ತಾಗಿದ ಜಾಗದ ಒತ್ತಡ ಮಾತ್ರ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಹೊಸಬರು ಮೊದಮೊದಲು ಭುಜ ಎತ್ತುತ್ತಾರೆ, ಉಸಿರು ಹಿಡಿಯುತ್ತಾರೆ. ಎದುರಿನವರಿಗೆ ಆ ಬಿಗಿಯೇ ಹಿಡಿಕೆಯಾಗಿ ಸಿಗುತ್ತದೆ.

ಪಾರ್ಕಿಗೆ ಬಂದಾಗ

20ನೇ ಶತಮಾನ ಈ ವಿದ್ಯೆಯನ್ನು ಜನಸಾಮಾನ್ಯರಿಗೆ ತಲುಪಿಸಿತು. ಯಾಂಗ್ ಲುಚಾನ್ ಅವರ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಬಹಿರಂಗವಾಗಿ ಕಲಿಸಿದರು. 1920ರ ದಶಕದಿಂದ ಚಿತ್ರಸಹಿತ ಕೈಪಿಡಿಗಳು ಅಚ್ಚಾದವು. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ 24 ಭಂಗಿಗಳ ಸರಳ ಕ್ರಮವನ್ನು ರೂಪಿಸಿತು. ಜಗತ್ತಿನ ಎಲ್ಲೆಡೆ ಪಾರ್ಕುಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಇದನ್ನೇ. ಲಕ್ಷಾಂತರ ಜನರಿಗೆ ಇದರಿಂದ ಆರೋಗ್ಯ ದಕ್ಕಿತು. ಆದರೆ ಇದು ಒಂಟಿ ಅಭ್ಯಾಸ. ಕಲಿಯುವವರ ಸಂಖ್ಯೆ ಹೆಚ್ಚಿದಂತೆ ಜೋಡಿ ಅಭ್ಯಾಸ ಕೆಲವರ ಪಾಲಿಗಷ್ಟೇ ಉಳಿಯಿತು.

ಅದನ್ನು ಹೊರದೇಶಕ್ಕೆ ಒಯ್ದವರಲ್ಲಿ ಮುಖ್ಯರು ಝೆಂಗ್ ಮಾನ್‌ಚಿಂಗ್ (1902–1975). ವೈದ್ಯ, ಚಿತ್ರಕಾರ, ಕವಿ. ತೈವಾನಿನಿಂದ 1964ರಲ್ಲಿ ನ್ಯೂಯಾರ್ಕಿಗೆ ಹೋಗಿ ಕಲಿಸಿದರು. ಸೋಲನ್ನೇ ಬಂಡವಾಳ ಮಾಡಿಕೊಳ್ಳಿ ಎಂಬುದು ಅವರ ಬೋಧನೆಯ ತಿರುಳು. ಗೆಲ್ಲಲೇಬೇಕೆಂದು ಹೊರಟವರು ಬಲ ಹಾಕುತ್ತಾರೆ, ಬಲ ಹಾಕಿದೊಡನೆ ಅರಿವು ಮಂಕಾಗುತ್ತದೆ. ಆದ್ದರಿಂದ ಮೊದಲ ವರ್ಷಗಳಲ್ಲಿ ತಳ್ಳಿಸಿಕೊಳ್ಳುವುದನ್ನೇ ಕಲಿಯಬೇಕು. ಇನ್ನೊಂದು ಕಡೆ ತುಯಿಶೌ ಸ್ಪರ್ಧೆಗಳೂ ಬೆಳೆದವು. ಗೆರೆಯಾಚೆ ತಳ್ಳಿದವರಿಗೆ ಅಂಕ ಸಿಗುವಾಗ ತೂಕ, ತೋಳ್ಬಲಗಳೇ ಮುಂದಾಗುತ್ತವೆ ಎಂಬ ಆಕ್ಷೇಪವೂ ಜೊತೆಗೇ ಬೆಳೆಯಿತು. ತೈ ಚಿ 2020ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಪ್ರಯೋಗಾಲಯ ಹೇಳಿದ್ದು

ಮೃದುವಾದ ಕೈಗೆ ಹೆಚ್ಚು ತಿಳಿಯುತ್ತದೆ ಎಂಬ ಮಾತಿಗೆ ಆಧಾರ ಬೇರೆಯದೇ ದಾರಿಯಿಂದ ಬಂತು. ಜರ್ಮನಿಯ ಶರೀರವಿಜ್ಞಾನಿ ಅರ್ನ್ಸ್ಟ್ ವೇಬರ್ 1834ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತಿದ ತೂಕದಲ್ಲಿ ಸುಮಾರು 40ರಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವಾದರೆ ಮಾತ್ರ ಮನುಷ್ಯನಿಗೆ ಗೊತ್ತಾಗುತ್ತದೆ ಎಂದು ತೋರಿಸಿದರು. ಹತ್ತು ಕಿಲೋ ಅಕ್ಕಿಚೀಲ ಹಿಡಿದ ಕೈಗೆ ಅದರ ಮೇಲೊಂದು ನಿಂಬೆಹಣ್ಣು ಇಟ್ಟದ್ದು ತಿಳಿಯದು. ಅದೇ ಲೆಕ್ಕದಲ್ಲಿ, ನಾಲ್ಕು ಕಿಲೋ ಬಲದಿಂದ ಒತ್ತುವವರಿಗೆ ಎದುರಿನ ಬಲ 100 ಗ್ರಾಂ ಬದಲಾದರೆ ಮಾತ್ರ ಸುಳಿವು ಸಿಗುತ್ತದೆ. 400 ಗ್ರಾಂ ಬಲದಲ್ಲಿ ತಾಗಿರುವವರಿಗೆ 10 ಗ್ರಾಂ ಸಾಕು. ಹಗುರವಾಗಿ ತಾಗಿ ಎಂದು ಗುರುಗಳು ಹೇಳುವುದರ ಹಿಂದೆ ಇರುವುದು ಈ ಲೆಕ್ಕ.

ಎರಡನೆಯ ಪುರಾವೆ 2003ರದು. ಲಂಡನ್ನಿನಲ್ಲಿ ಶೆರ್ಗಿಲ್, ವೋಲ್ಪರ್ಟ್ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಕೂರಿಸಿ, ಸರದಿಯಂತೆ ಒಬ್ಬರ ಬೆರಳನ್ನು ಇನ್ನೊಬ್ಬರು ಯಂತ್ರದ ಮೂಲಕ ಒತ್ತುವಂತೆ ಮಾಡಿದರು. ನಿಮಗೆ ಎಷ್ಟು ಬಲ ತಾಗಿತೋ ಅಷ್ಟನ್ನೇ ಮರಳಿಸಿ ಎಂಬುದೊಂದೇ ಸೂಚನೆ. ಇಬ್ಬರೂ ಪ್ರಾಮಾಣಿಕವಾಗಿಯೇ ಒತ್ತಿದರು. ಆದರೂ ಪ್ರತಿ ಸರದಿಗೆ ಬಲ ಸರಾಸರಿ 38 ಪ್ರತಿಶತ ಏರುತ್ತ ಹೋಯಿತು. ನಾವೇ ಹುಟ್ಟಿಸಿದ ಬಲವನ್ನು ಮಿದುಳು ಮೊದಲೇ ಊಹಿಸಿ ಕಡಿಮೆಯಾಗಿ ತೋರಿಸುತ್ತದೆ, ಹೊರಗಿನಿಂದ ಬಂದದ್ದನ್ನು ಪೂರ್ತಿಯಾಗಿ ತೋರಿಸುತ್ತದೆ. ತುಯಿಶೌ ಕಲಿಯುವ ಇಬ್ಬರು ಮೆಲ್ಲಗೆ ಶುರುಮಾಡಿ ನೋಡನೋಡುತ್ತ ಗುದ್ದಾಟಕ್ಕಿಳಿಯುವುದು ಯಾಕೆಂದು ಈ ಪ್ರಯೋಗ ವಿವರಿಸುತ್ತದೆ. ಯಾರ ಸ್ವಭಾವವೂ ಕೆಟ್ಟದ್ದಲ್ಲ, ಮಿದುಳಿನ ಅಳತೆಗೋಲೇ ಹಾಗೆ. ಆ ಅಳತೆಗೋಲನ್ನು ತಿದ್ದುವುದೇ ಈ ಅಭ್ಯಾಸದ ಕೆಲಸ.

ವೇಗದ ಲೆಕ್ಕವೂ ಉಂಟು. ಕಣ್ಣಿಂದ ಕಂಡು ಕೈ ಆಡಿಸಲು ಸುಮಾರು 200 ಮಿಲಿಸೆಕೆಂಡು ಬೇಕು. ಸ್ನಾಯು ಎಳೆದಾಗ ಹುಟ್ಟುವ, ಮಿದುಳೂ ಪಾಲುಗೊಳ್ಳುವ ಪ್ರತಿಕ್ರಿಯೆ 50ರಿಂದ 100 ಮಿಲಿಸೆಕೆಂಡಿನಲ್ಲೇ ಆಗಿಬಿಡುತ್ತದೆ. ಮೊದಲೇ ತಾಗಿ ನಿಂತವರಿಗೆ ಈ ಅರ್ಧ ಸಮಯದ ಮುನ್ನಡೆ ಸಿಗುತ್ತದೆ. ದೀರ್ಘಕಾಲ ತೈ ಚಿ ಮಾಡಿದವರ ಬೆರಳ ತುದಿಯ ಸ್ಪರ್ಶಜ್ಞಾನ ಇತರರಿಗಿಂತ ಚುರುಕಾಗಿತ್ತು ಎಂದು ಕ್ಯಾಥರೀನ್ ಕೆರ್ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದರು.

ನಮ್ಮ ಗರಡಿ

ಕನ್ನಡ ನಾಡಿನಲ್ಲಿ ಮಲ್ಲವಿದ್ಯೆಯ ಬರಹ ಚೀನಾದ ಈ ಪಠ್ಯಗಳಿಗಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 1129ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವೇ ಇದೆ. ಮಲ್ಲರ ದರ್ಜೆ, ಆಹಾರ, ಕಸರತ್ತು, ಪಟ್ಟುಗಳೆಲ್ಲ ಅಲ್ಲಿವೆ. ಮೈಸೂರಿನ ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಮೊದಲ ರಕ್ತ ಕಂಡೊಡನೆ ಮುಗಿಯುತ್ತದೆ. ಕೈ ತಾಗಿಸಿ ಬಲ ಓದಲು ಅದರಲ್ಲಿ ಹೆಚ್ಚು ಎಡೆಯಿಲ್ಲ. ದಸರಾದಲ್ಲಿ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುವ ನಾಡಕುಸ್ತಿಯಲ್ಲಿ ಅದು ಧಾರಾಳವಾಗಿದೆ. ಇಬ್ಬರು ಪೈಲ್ವಾನರು ಹಣೆಗೆ ಹಣೆ ಕೊಟ್ಟು, ಒಬ್ಬರ ಕುತ್ತಿಗೆಗೆ ಇನ್ನೊಬ್ಬರು ಕೈ ಹಾಕಿ ನಿಂತಾಗ ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಒಳಗೆ ಒಬ್ಬರ ಭಾರ ಯಾವ ಕಾಲಿನ ಮೇಲಿದೆ ಎಂದು ಇನ್ನೊಬ್ಬರು ತಡಕುತ್ತಿರುತ್ತಾರೆ. ಎದುರಾಳಿ ಮುಂದಕ್ಕೆ ಒತ್ತಿದ ಕ್ಷಣಕ್ಕೆ ಆ ಒತ್ತಡವನ್ನೇ ಬಳಸಿ ಎಳೆದು, ಕಾಲಿಗೆ ನುಗ್ಗಿದರೆ ಪಟ್ಟು ಬಿತ್ತು.

ಇದನ್ನು ಉಸ್ತಾದರು ಮಟ್ಟಿಯಲ್ಲಿ ಜೊತೆಗೆ ನಿಂತು ಕಲಿಸುತ್ತಾರೆ. ಪಟ್ಟುಗಳ ಹೆಸರು ಪುಸ್ತಕಕ್ಕೆ ಬಂದಷ್ಟು ಈ ಅರಿವು ಬಂದಿಲ್ಲ. ವೂ ಮತ್ತು ಲಿ ಅವರು ತಮ್ಮ ನಾಡಿನ ವಿದ್ಯೆಗೆ ಮಾಡಿದ್ದನ್ನು ನಾವು ನಮ್ಮ ಉಸ್ತಾದರ ಅನುಭವಕ್ಕೆ ಮಾಡಬೇಕಿದೆ. ಅವರು ಬದುಕಿರುವಾಗಲೇ ಕೂತು ಕೇಳಿ ಬರೆದುಕೊಳ್ಳಬೇಕು.

ಗಿರಿನಗರ, ಹೊಸಕೆರೆಹಳ್ಳಿ, ಬನಶಂಕರಿ ಮೂರನೇ ಹಂತದ ವಾಕಿಂಗ್ ಗೆಳೆಯರು, ಯೋಗ ಬಳಗದವರು ತಮ್ಮ ಅಭ್ಯಾಸಕ್ಕೆ ಹತ್ತು ನಿಮಿಷದ ಜೋಡಿ ಅಭ್ಯಾಸ ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಮೊಣಕಾಲು, ಬೆನ್ನಿನ ತೊಂದರೆ ಇದ್ದವರು ಬಲ್ಲವರನ್ನು ಕೇಳಿ ಶುರುಮಾಡಲಿ. ನಿಯಮ ಎರಡೇ: ತಾಗಿದ ಕೈ ಬಿಡಬಾರದು, ಬಂದ ಬಲಕ್ಕೆ ಬಲ ಕೊಡಬಾರದು. ಒಂಟಿ ಅಭ್ಯಾಸ ನಮ್ಮ ಮೈಯನ್ನು ನಮಗೆ ತಿಳಿಸುತ್ತದೆ. ಇನ್ನೊಬ್ಬರ ಬಲ ತಿಳಿಯಲು ಇನ್ನೊಬ್ಬರು ಎದುರಿಗೆ ಇರಲೇಬೇಕು. ಅವರಿಗಿಂತ ಕಡಿಮೆ ಒತ್ತಲು ನಾವು ಒಪ್ಪಿದ ದಿನದಿಂದಲೇ ಆ ಕಲಿಕೆ ಶುರುವಾಗುತ್ತದೆ.