ಚರಗ

ಅನ್ನ ಚೆಲ್ಲಬಾರದು ಎಂದು ಕಲಿಸಿದ ಕೈಯೇ ವರ್ಷಕ್ಕೊಂದು ದಿನ ಬುಟ್ಟಿಗಟ್ಟಲೆ ಚೆಲ್ಲುತ್ತದೆ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ ಎಂದೋ ಒಂದು ದಿನ ಬೀಳುವ ಎಳ್ಳ ಅಮಾಸಿ ಅದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಹಬ್ಬದ ಹೆಸರಿಗಿಂತ ಹೆಚ್ಚಾಗಿ ಕಿವಿಗೆ ಬೀಳುವುದು ಇನ್ನೊಂದು ಮಾತು: ‘ನಮ್ಮ ಹೊಲಕ್ಕ ಚರಗಕ್ಕ ಬರ್ರಿ.’

ದೇವರಿಗೆ ಪೂಜೆ ಮಾಡುತ್ತೇವೆ, ನೈವೇದ್ಯ ಹಿಡಿಯುತ್ತೇವೆ, ಎಡೆ ಕೊಡುತ್ತೇವೆ. ಚರಗವನ್ನು ಚೆಲ್ಲುತ್ತೇವೆ. ಈ ‘ಚೆಲ್ಲು’ ಎಂಬುದು ಉಳಿದ ದಿನಗಳಲ್ಲಿ ಬೈಗುಳ ತರುವ ಕ್ರಿಯೆ. ಹಾಲು ಚೆಲ್ಲಿದರೆ, ಕಾಳು ಚೆಲ್ಲಿದರೆ ಅವ್ವನ ಮುಖ ಬಿಗಿಯುತ್ತದೆ. ಕೊಡುವಾಗ ಅಳತೆ ಇರುತ್ತದೆ, ಯಾರಿಗೆ ಎಂಬ ಲೆಕ್ಕ ಇರುತ್ತದೆ. ಚೆಲ್ಲಿದ ಮೇಲೆ ಅದು ಯಾರ ಪಾಲಾಯಿತೆಂದು ಕೇಳುವಂತಿಲ್ಲ. ಕೃತಜ್ಞತೆಗೆ ಇಂಥ ಕ್ರಿಯಾಪದವನ್ನು ಜೋಡಿಸಿದ ರೈತರ ಬಗ್ಗೆ ನನಗೆ ಅಪಾರ ಗೌರವ.

ಹೊಲದಲ್ಲಿ ನಿಂತು ನೋಡಬೇಕು. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಕಾಯಿ ಒಡೆದಾದ ಮೇಲೆ ಪರಾತದಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮುರಿಯುತ್ತಾರೆ. ಕಡಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಮೊಸರನ್ನ ಎಲ್ಲ ಅದರಲ್ಲಿ ಕೂಡುತ್ತವೆ. ಮುಂದೆ ಒಬ್ಬರು ಹಿಡಿ ಹಿಡಿಯಾಗಿ ಎರಚುತ್ತ ಕೂಗು ಹಾಕುತ್ತಾರೆ, ಹಿಂದೆ ಚರಗಿ ಹಿಡಿದವರು ನೀರು ಚಿಮುಕಿಸುತ್ತ ಓಗೊಡುತ್ತಾರೆ. ಸಾಲಿನ ನಡುವಿನ ಕುಸುಬಿ ಮುಳ್ಳು ಸೀರೆಯಂಚು ಹಿಡಿದು ಜಗ್ಗುತ್ತದೆ. ಬಿಡಿಸಿಕೊಂಡು ಮತ್ತೆ ನಡೆಯಬೇಕು, ನಾಲ್ಕೂ ಬದುವಿಗೆ ಮುಟ್ಟಬೇಕು. ಒಂದು ಮೂಲೆ ಬಿಟ್ಟರೆ ಹಿರಿಯರು ವಾಪಸ್ಸು ಕಳಿಸುತ್ತಾರೆ.

ಸಂಸ್ಕೃತದ ‘ಚರು’ ಎಂದರೆ ದೇವರಿಗೆ ಅರ್ಪಿಸಲು ಬೇಯಿಸಿದ ಅನ್ನ. ಚರಗಕ್ಕೂ ಅದಕ್ಕೂ ನಂಟಿದೆ ಎಂದರೆ ಒಪ್ಪುವ ಮಾತೇ. ಆದರೆ ಯಜ್ಞಕುಂಡದ ಚರು ಬೆಂಕಿಗೆ ಹೋಗುತ್ತದೆ, ನಮ್ಮ ಚರಗ ಮಣ್ಣಿಗೆ. ಬೆಂಕಿಯ ಮುಂದೆ ಮಂತ್ರ ಬಲ್ಲವರು ಬೇಕು, ಮಣ್ಣಿನ ಮುಂದೆ ಬುತ್ತಿ ಕಟ್ಟಬಲ್ಲವರು ಸಾಕು.

ಇದರ ಹೊತ್ತನ್ನೂ ಗಮನಿಸಬೇಕು. ಎರಿ ಹೊಲದಲ್ಲಿ ಹಿಂಗಾರಿ ಜೋಳ ಆಗ ಇನ್ನೂ ಹೊಡೆ ತುಂಬಿ ತೆನೆ ಹೊರಹಾಕುತ್ತಿರುತ್ತದೆ. ಕಡಲೆ ಹೂವು-ಕಾಯಿಯ ನಡುವೆ. ರಾಶಿಗೆ ಇನ್ನೂ ದಿನಗಳಿವೆ. ಚೀಲ ಎಷ್ಟಾದೀತು, ಧಾರಣೆ ಎಷ್ಟು ಬಂದೀತು, ಯಾವುದೂ ಕೈಯಲ್ಲಿಲ್ಲ. ಬಸುರಿಗೆ ಕುಬಸ ಮಾಡಿ ಬಯಕೆ ಊಟ ಬಡಿಸಿದಂತೆ ಭೂತಾಯಿಗೆ ಉಣಿಸುವುದು ಎನ್ನುತ್ತಾರೆ. ಹಾಗಾಗಿ ಚರಗ ಪಡೆದ ಮೇಲಿನ ಕೃತಜ್ಞತೆಯಲ್ಲ, ಪಡೆಯುವ ಮುಂಚಿನದು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವಾದವು. ಆ ಸಲದ ಎಳ್ಳ ಅಮಾಸಿ 2024ರ ಜನವರಿ 11ಕ್ಕೆ ಬಂತು. ಮೊಣಕಾಲೆತ್ತರಕ್ಕೆ ನಿಂತುಹೋದ ಜೋಳದ ನಡುವೆಯೂ ಜನ ಚರಗ ಚೆಲ್ಲಿದರು. ಬೆಳೆ ಬಂದರೆ ಕೊಡುತ್ತೇನೆ ಎಂಬುದು ಹರಕೆ; ಅದು ಬೇರೆ ಮಾತು, ಬೇರೆ ಮನಸ್ಸು.

ಸಿಂಧನೂರಿನ ಸುತ್ತ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿ ಕುಟುಂಬಗಳ ಆರ್.ಎಚ್. ಕ್ಯಾಂಪುಗಳಿವೆ. ಅವರ ಮೂಲ ನಾಡಿನಲ್ಲಿ ‘ನವಾನ್ನ’ ಎಂಬ ಹಬ್ಬ. ಹೊಸ ಅಕ್ಕಿಯ ಮೊದಲ ಪಾಲಿನಲ್ಲಿ ಕಾಗೆಗೂ ಒಂದು ತುತ್ತು. ಅದು ಕೊಯ್ಲಾದ ಮೇಲಿನ ಹಬ್ಬ, ನಮ್ಮದು ಮುಂಚಿನದು. ಮೊದಲ ತುತ್ತು ಮನುಷ್ಯರದಲ್ಲ ಎನ್ನುವಲ್ಲಿ ಮಾತ್ರ ಎರಡೂ ಸೀಮೆ ಕೂಡುತ್ತವೆ.

ನೀರಾವರಿ ಬಂದ ಮೇಲೆ ಸಿಂಧನೂರಿನಲ್ಲಿ ಈ ಮಾತಿನ ಹಾದಿ ಸ್ವಲ್ಪ ಬದಲಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿಯಿತು, ಎಡದಂಡೆ ಕಾಲುವೆ ಹರಿಯಿತು, ಜೋಳದ ಸೀಮೆ ಭತ್ತದ ಸೀಮೆಯಾಯಿತು. ಎಳ್ಳ ಅಮಾಸಿಯ ಹೊತ್ತಿಗೆ ಗದ್ದೆ ಕೊಯ್ಲಾಗಿ ಕೂಳೆ ಮಾತ್ರ ಉಳಿದಿರುತ್ತದೆ. ಕೆಲವರು ಆ ಬರಿಗದ್ದೆಗೇ ಚೆಲ್ಲುತ್ತಾರೆ. ಕೆಲವರು ಬುತ್ತಿ ಕಟ್ಟಿಕೊಂಡು ಮಸ್ಕಿ ಕಡೆಯ ಬೀಗರ ಎರಿ ಹೊಲ ಹುಡುಕಿಕೊಂಡು ಹೋಗುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋದಾಗ, ನಾಟಿ ಮಾಡಿದ ಗದ್ದೆಯ ಬದುವಿನಲ್ಲಿ ಕುಳಿತವರ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗಿತ್ತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಆ ವರ್ಷ ಡಿಸೆಂಬರ್ 30ರಂದು ಚೆಲ್ಲಿದ ಚರಗದಲ್ಲಿ ಆ ಕೆಲಸಗಾರರ ಪಾಲೂ ಇತ್ತೆಂದೇ ನಾನು ತಿಳಿದಿದ್ದೇನೆ.

ಚೆಲ್ಲಿದ್ದನ್ನು ತಿನ್ನುವವರು ಯಾರು? ಇರುವೆ, ಗೊರವಂಕ, ಅಳಿಲು, ಇಲಿ. ನಾಳೆ ತೆನೆಗೆ ಬಾಯಿ ಹಾಕುವವರಿಗೇ ಇವತ್ತು ಹಬ್ಬದೂಟ. ಮನುಷ್ಯರ ವಿಷಯದಲ್ಲೂ ಚರಗಕ್ಕೆ ಬೇಲಿ ಇಲ್ಲ. ಕಳೆ ತೆಗೆದವರು, ಹತ್ತಿ ಬಿಡಿಸಿದವರು, ಬದುವಿನಾಚೆಯ ಮುಸ್ಲಿಂ ಮನೆಯವರು, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬಂದ ಅಳಿಯ, ಹೊಲವೇ ಇಲ್ಲದ ಓಣಿಯವರು ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ. ಎಲ್ಲ ಊರಿನಲ್ಲೂ ಹೀಗೇ ಇದೆ ಎಂದು ಹೇಳಲಾರೆ. ಇಲ್ಲದ ಕಡೆ ಆಗಬೇಕು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ಅಶೋಕನ ಹೆಸರಿದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಧರ್ಮದ ಫಲ ದೊಡ್ಡವರಿಗಷ್ಟೇ ಸಿಗುವುದಲ್ಲ, ಸಣ್ಣವರಿಗೂ ಸಿಗುತ್ತದೆ ಎಂಬ ಅರ್ಥದ ಮಾತೂ ಅದರಲ್ಲಿದೆ. ಅದೇ ಬಂಡೆಯ ಸುತ್ತಲಿನ ಹೊಲಗಳಲ್ಲಿ ಪಂಕ್ತಿ ಕೂಡಿದ್ದನ್ನು ಕಂಡಾಗ ಆ ಸಾಲಿನ ಮೇಲೆ ನನಗೆ ಪ್ರೀತಿ ಹೆಚ್ಚುತ್ತದೆ.

ಹಬ್ಬ ಕಳೆದ ಮೇಲೂ ಮಾತು ಉಳಿದಿರುತ್ತದೆ. ಕೂಲಿಗೆ ಹೋದ ಹೆಣ್ಣುಮಗಳು ಮಧ್ಯಾಹ್ನ ಬುತ್ತಿ ಬಿಚ್ಚಿ, ರೊಟ್ಟಿಯ ಚೂರೊಂದನ್ನು ಸಾಲಿನತ್ತ ಎಸೆದು ಊಟಕ್ಕೆ ಕೈ ಹಾಕುತ್ತಾಳೆ. ‘ಅದೇನಬೇ?’ ಎಂದರೆ, ‘ಚರಗ’ ಎನ್ನುತ್ತಾಳೆ. ಹೊಲ ಅವಳದಲ್ಲ, ಬೆಳೆ ಅವಳದಲ್ಲ, ರೊಟ್ಟಿ ಮಾತ್ರ ಅವಳದು. ‘ಧನ್ಯವಾದ’ ವೇದಿಕೆಯ ಮಾತಾಗಿದೆ, ‘ಥ್ಯಾಂಕ್ಸ್’ ಪೇಟೆಯದಾಗಿದೆ. ನೀರು ಕೊಟ್ಟವರಿಗೆ ‘ನಿನ್ನ ಹೊಟ್ಟಿ ತಣ್ಣಗಿರಲಿ’ ಎನ್ನುವ ಈ ಹೆಣ್ಣುಮಗಳಿಗೆ ಅವೆರಡೂ ಇಲ್ಲದೆ ದಿನ ಸಾಗುತ್ತದೆ.

ಲಿಂಗಸುಗೂರು, ಮಸ್ಕಿಯಿಂದ ಬೆಂಗಳೂರಿಗೆ ಗುಳೆ ಹೋದವರು ಆ ದಿನ ಊರಿಗೆ ಫೋನ್ ಹಚ್ಚಿ, ‘ನಮ್ಮ ಪಾಲಿಂದೂ ಚೆಲ್ರಿ’ ಎನ್ನುತ್ತಾರೆ. ಹೊಲವನ್ನು ಲಾವಣಿಗೆ ಕೊಟ್ಟವರು ಮಾತ್ರ ಸ್ವತಃ ಬರುತ್ತಾರೆ. ಉಳುಮೆ ಬೇರೆಯವರದು, ಫಸಲು ಬೇರೆಯವರದು, ಆದರೂ ಬುಟ್ಟಿ ಹೊತ್ತು ಬದುವಿಗೆ ಬಂದು ನಿಲ್ಲುತ್ತಾರೆ. ಕೇಳಿದವರಿಗೆ ಅವರ ಉತ್ತರ ಇಷ್ಟೇ: ‘ಹೊಲ ಲಾವಣಿಗೆ ಕೊಟ್ಟೀವಿ, ಚರಗ ಕೊಟ್ಟಿಲ್ಲ.’ ಲಾವಣಿ ಹಿಡಿದವರೂ ತಕರಾರು ಎತ್ತದೆ ಚರಗಿ ತುಂಬಿಕೊಂಡು ಅವರ ಹಿಂದೆ ನಡೆಯುತ್ತಾರೆ.