ಭುಜಕ್ಕೆ ಒದೆಯದ ಕೋವಿ

ಹದಿನಾಲ್ಕು ವರ್ಷದ ಮಗಳು, ಹನ್ನೊಂದು ವರ್ಷದ ಮಗ. ಇಬ್ಬರೂ ಹಿಡಿಯಲು ಆಗುವಂಥ, ಭುಜಕ್ಕೆ ಜೋರಾಗಿ ಒದೆಯದ ಒಂದೇ ಕೋವಿ ಬೇಕು. ಯಾವುದು ತಗೊಳ್ಳಲಿ?

ಪವಾಯಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಕೊಡಗಿನ ಗೆಳೆಯರೊಬ್ಬರು ಕೇಳಿದ ಪ್ರಶ್ನೆ ಇದು. ಮುಂಬಯಿಯಲ್ಲಿ ಮನೆ ಸಾಲ, ಮಕ್ಕಳ ಟ್ಯೂಷನ್ನು, ಊರಿನ ರೈಲು ಟಿಕೇಟುಗಳ ನಡುವೆ ಇಂಥ ಪ್ರಶ್ನೆ ಬರುವುದೇ ಅಪರೂಪ. ನನ್ನನ್ನೇ ಕೇಳಲು ಅವರಿಗೆ ಎರಡು ಕಾರಣವಿತ್ತು. ನಾನು ಓದಿದ್ದು ಮೆಕ್ಯಾನಿಕಲ್ ವಿಷಯದಲ್ಲಿ ಎಂ.ಟೆಕ್, ಮತ್ತು ನನ್ನ ಮಗಳು ಎರಡು ವರ್ಷದಿಂದ ಏರ್ ರೈಫಲ್ ತರಬೇತಿಗೆ ಹೋಗುತ್ತಿದ್ದಾಳೆ. ಲೆಕ್ಕ ಹಾಕಿ ಕೊಡುವುದು ಒಂದು ಸಂಜೆಯ ಕೆಲಸ. ಆದರೆ ಲೆಕ್ಕ ಮುಗಿದ ಮೇಲೂ ಪ್ರಶ್ನೆ ಮುಗಿಯಲಿಲ್ಲ. ಯಾರ ಮನೆಯಲ್ಲಿ ಕೋವಿ ಉಳಿಯಿತು, ಯಾರ ಮನೆಯಿಂದ ಹೋಯಿತು ಎಂಬ ಚರಿತ್ರೆ ಅದಕ್ಕೆ ಅಂಟಿಕೊಂಡಿದೆ.

ಮೊದಲು ಸಂದರ್ಭ ಹೇಳುತ್ತೇನೆ. ಕೊಡವರ ಕೈಲ್ ಪೊಳ್ದ್, ಅಂದರೆ ಕೈಲ್ ಮುಹೂರ್ತ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಬರುತ್ತದೆ. ನಾಟಿ ಕೆಲಸ ಮುಗಿದ ಮೇಲಿನ ಹಬ್ಬ. ಮನೆಯ ಕೋವಿ, ಕತ್ತಿಗಳನ್ನು ಒರೆಸಿ, ಒಟ್ಟಿಗೆ ಇಟ್ಟು, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. 'ತೋಕ್' ಎಂದರೆ ಕೋವಿ. ಹೂವಿಗೂ ಕೋವಿಯದೇ ಹೆಸರು. ಕಡಂಬಿಟ್ಟು, ಪಂದಿ ಕರಿಯ ಊಟವಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೆಂಗಸರು, ಮಕ್ಕಳೂ ಸೇರುತ್ತಾರೆ. ನನ್ನ ಗೆಳೆಯರ ಮಕ್ಕಳು ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ. ಕೊಡವ ತಕ್ಕ್ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. "ಭಾಷೆ ಅರ್ಧ ಹೋಯ್ತು. ವರ್ಷಕ್ಕೊಂದು ಸಲ ಆ ತೆಂಗಿನಕಾಯಿ ಮುಂದೆ ನಿಲ್ಲೋದಾದ್ರೂ ಉಳೀಲಿ" ಎನ್ನುವುದು ಅವರ ಆಸೆ. ಆದರೆ ಮನೆಯಲ್ಲಿರುವುದು ಅವರ ಅಜ್ಜನ ಕಾಲದ 12 ಬೋರಿನ ಜೋಡುನಳಿಗೆ ಕೋವಿ. ಹೋದ ವರ್ಷ ಮಗಳು ಅದರಲ್ಲಿ ಒಂದು ಈಡು ಹೊಡೆದು, ಭುಜ ಹಿಡಿದುಕೊಂಡು, ಇನ್ನು ಬೇಡ ಎಂದಳಂತೆ. ತಮ್ಮ ಹತ್ತಿರಕ್ಕೇ ಬರಲಿಲ್ಲ.

ಈಗ ಲೆಕ್ಕ. ಕೋವಿ ಒದೆಯುವುದು ನ್ಯೂಟನ್ನನ ಮೂರನೇ ನಿಯಮದಿಂದ. ಮುಂದೆ ಹೋಗುವ ಗುಂಡಿನ ತೂಕ ಮತ್ತು ವೇಗದ ಗುಣಲಬ್ಧ ಎಷ್ಟೋ, ಹಿಂದೆ ಬರುವ ಕೋವಿಯದೂ ಅಷ್ಟೇ. 12 ಬೋರಿನ ಸಾಮಾನ್ಯ ತೋಟೆಯಲ್ಲಿ ಸುಮಾರು 32 ಗ್ರಾಂ ಚರೆ ಇರುತ್ತದೆ. ಅದು ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ಕೋವಿ 3.2 ಕಿಲೋ ಇದ್ದರೆ ಅದು ಸೆಕೆಂಡಿಗೆ 3.7 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಮದ್ದಿನ ಹೊಗೆಯ ಪಾಲು ಬಿಟ್ಟರೂ ಭುಜಕ್ಕೆ ಬೀಳುವ ಶಕ್ತಿ ಸುಮಾರು 22 ಜೂಲ್. ಒಂದು ಕಿಲೋ ಅಕ್ಕಿಯ ಪೊಟ್ಟಣ ಎರಡು ಮೀಟರಿಗಿಂತ ಮೇಲಿನಿಂದ ಬಿದ್ದಷ್ಟು. ಇದೇ ಲೆಕ್ಕದಲ್ಲಿ 20 ಬೋರಿಗೆ ಸುಮಾರು 15 ಜೂಲ್, ಸಣ್ಣ .410 ಬೋರಿಗೆ ಸುಮಾರು 5 ಜೂಲ್. ಇನ್ನು .22 ರೈಫಲ್ಲಿಗೆ ಬನ್ನಿ: 2.6 ಗ್ರಾಂ ಗುಂಡು, ಸೆಕೆಂಡಿಗೆ 330 ಮೀಟರ್, 3 ಕಿಲೋ ರೈಫಲ್ಲು. ಒದೆತ 0.12 ಜೂಲ್. ಅದೇ ಅಕ್ಕಿಯ ಪೊಟ್ಟಣ ಒಂದು ಬೆರಳಗಲ ಮೇಲಿಂದ ಬಿದ್ದ ಹಾಗೆ. 12 ಬೋರಿಗೂ ಇದಕ್ಕೂ ನೂರೆಂಬತ್ತು ಪಟ್ಟು ವ್ಯತ್ಯಾಸ.

ತೂಕದ ಕೋವಿ ಕಡಿಮೆ ಒದೆಯುತ್ತದೆ, ನಿಜ. ಆದರೆ ಹನ್ನೊಂದರ ಹುಡುಗ ತೂಕದ ಕೋವಿಯನ್ನು ನೆಟ್ಟಗೆ ಹಿಡಿಯಲಾರ. ಹಗುರವಾದದ್ದು ಕೊಟ್ಟರೆ ಹೆಚ್ಚು ಒದೆಯುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಗುಂಡನ್ನೇ ಸಣ್ಣದು ಮಾಡಬೇಕು. .22ರ ಚರಿತ್ರೆ ಪೂರ್ತಿ ಇದೇ. 1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬರ್ ಎಂಬಾತ ಮನೆಯ ಪಡಸಾಲೆಯಲ್ಲಿ ಗುರಿಯಾಟ ಆಡಲೆಂದು ಪುಟ್ಟ ತೋಟೆ ಮಾಡಿದ. ಅದನ್ನು ಬೆಳೆಸಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ 1857ರಲ್ಲಿ .22 ಶಾರ್ಟ್ ತೋಟೆ ತಂದಿತು. ಇಂದಿಗೂ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟೆ 1887ರದ್ದು, ಸ್ಟೀವನ್ಸ್ ಕಂಪನಿಯದು. 1899ರಿಂದ 1902ರವರೆಗಿನ ಬೋಯರ್ ಯುದ್ಧದಲ್ಲಿ ಪೆಟ್ಟು ತಿಂದ ಬ್ರಿಟನ್, ಜನಸಾಮಾನ್ಯರಿಗೆ ಗುರಿ ಹೊಡೆಯಲು ಕಲಿಸಬೇಕೆಂದು ಊರೂರಿಗೆ ಸಣ್ಣ ಬೋರಿನ ಕ್ಲಬ್ಬುಗಳನ್ನು ಕಟ್ಟಿತು. ಲಾರ್ಡ್ ರಾಬರ್ಟ್ಸ್ ಅದರ ದೊಡ್ಡ ಪ್ರಚಾರಕ. ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್ಲಿನ .22 ರೂಪವೂ ಬಂತು. 1948ರಲ್ಲಿ ನಮ್ಮ ಎನ್‌ಸಿಸಿ ಶುರುವಾದ ಮೇಲೆ ಈ .22 ರೈಫಲ್ಲೇ ನಮ್ಮ ಎಷ್ಟೋ ಶಾಲೆ ಕಾಲೇಜುಗಳ ಹುಡುಗ ಹುಡುಗಿಯರ ಕೈಗೆ ಬಂದ ಮೊದಲ ಬಂದೂಕು. ಓದುಗರಲ್ಲಿ ಹಲವರಿಗೆ ಆ ಐದು ಗುಂಡುಗಳ ನೆನಪಿರಬಹುದು.

.22 ಶಾರ್ಟ್ ಮಾರುಕಟ್ಟೆಗೆ ಬಂದ 1857ನೇ ಇಸವಿ ನಮ್ಮ ಕಡೆ ಬೇರೆಯೇ ಕಾರಣಕ್ಕೆ ನೆನಪಿನಲ್ಲಿದೆ. ನಾನು ಮುಧೋಳದ ಕಡೆಯವನು. ಆ ವರ್ಷ ಬಂಡಾಯದ ಭಯದಲ್ಲಿ ಸರ್ಕಾರ ಜನರ ಆಯುಧ ಕಸಿಯಲು ಹೊರಟಿತು. ಮುಧೋಳ ಸಂಸ್ಥಾನದ ಮೇಲಿನ ಅಧಿಕಾರ ನಡೆಯುತ್ತಿದ್ದದ್ದು ಮುಂಬಯಿಯಿಂದ, ನಾನೀಗ ಲೋಕಲ್ ಹತ್ತಿ ಇಳಿಯುವ ಇದೇ ಊರಿನಿಂದ. ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲ ಎಂದರು. ಬೇಟೆಯೇ ಬದುಕಾದವರಿಗೆ ಕತ್ತಿ ಕೋವಿ ಕೊಡುವುದೆಂದರೆ ಅನ್ನ ಕೊಟ್ಟಂತೆ. ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರಿಗೆ ನುಗ್ಗಿ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ಆ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಬರೆದಿಟ್ಟುಕೊಂಡು ಅಚ್ಚು ಹಾಕಿಸಿದವನೂ ಮುಂಬಯಿ ಸರ್ಕಾರದ ಅಧಿಕಾರಿಯೇ, ಶಾಸನಗಳ ವಿದ್ವಾಂಸ ಫ್ಲೀಟ್. ಶಾಲೆಯಲ್ಲಿ ನಾವು ಓದಿದ ಹಲಗಲಿ ಬೇಡರ ಪಾಠ ಅದೇ.

ನಾಲ್ಕೇ ವರ್ಷದ ಬಳಿಕ, 1861ರ ಫೆಬ್ರುವರಿಯಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಇನ್ನೊಂದು ಆಜ್ಞೆ ಹೊರಡಿಸಿದ. ಕೊಡವರು ನಿಷ್ಠೆಯಿಂದ ನಡೆದುಕೊಂಡಿದ್ದಾರೆ, ಆದ್ದರಿಂದ ನಿರಾಯುಧಗೊಳಿಸುವ ಕಾನೂನಿನಿಂದ ಅವರಿಗೆ ವಿನಾಯಿತಿ. ಒಂದೇ ಕಾಲ, ಕನ್ನಡ ನಾಡಿನ ಎರಡು ತುದಿ. ಒಬ್ಬರಿಗೆ ನೇಣು, ಒಬ್ಬರಿಗೆ ಬಹುಮಾನ. 1878ರ ಆಯುಧ ಕಾಯ್ದೆ ಬಂದಾಗ ಉಳಿದ ಭಾರತೀಯರು ಪರವಾನಗಿಗೆ ಕೈ ಒಡ್ಡಬೇಕಾಯಿತು, ಕೊಡಗಿನ ಮನೆಗಳಲ್ಲಿ ಕೋವಿ ಗೋಡೆಯ ಮೇಲೇ ಉಳಿಯಿತು.

ಇದನ್ನು ನಾನು ಗೆಳೆಯರ ಮುಂದೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಕಬ್ಬನ್ ಕೊಟ್ಟದ್ದು ಕಾಗದ ಮಾರಾಯ್ರೆ, ಕೋವಿ ಅಲ್ಲ. ಕೋವಿ ಅವನಿಗಿಂತ ಮೊದಲೇ ಇತ್ತು" ಎಂದರು. ಮಾತಿನಲ್ಲಿ ಸತ್ಯವಿದೆ. ಕೊಡವರ ಸಂಪ್ರದಾಯದಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು. ಮಗುವಿನ ಕೈಗೆ ಹರಳು ಗಿಡದ ಕಡ್ಡಿಯಲ್ಲಿ ಮಾಡಿದ ಪುಟ್ಟ ಬಿಲ್ಲು. ಮನೆಯಲ್ಲಿ ಸಾವಾದರೆ ಎರಡು ಗುಂಡು. ಕೇಳಿದ ಅಕ್ಕಪಕ್ಕದವರು ಕೆಲಸ ಬಿಟ್ಟು ಬರುತ್ತಾರೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಒಂದು ಗುಂಡು. ಫೋನಿಲ್ಲದ ಕಾಡುಬೆಟ್ಟದ ನಾಡಿನಲ್ಲಿ ಕೋವಿ ಸುದ್ದಿ ಮುಟ್ಟಿಸುವ ಗಂಟೆಯೂ ಆಗಿತ್ತು. ಆದರೂ ಹಲಗಲಿಯವರಿಗೂ ಆಯುಧ ಅಷ್ಟೇ ಹಳೆಯದು, ಅಷ್ಟೇ ತಮ್ಮದು. ಉಳಿಯುವುದಕ್ಕೂ ಹೋಗುವುದಕ್ಕೂ ನಡುವೆ ಇದ್ದದ್ದು ಆ ಕಾಗದ ಮಾತ್ರ.

ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯಡಿಯಲ್ಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಮುಂದುವರಿಯಿತು. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಒಂದು ರೈಫಲ್, 100 ಗುಂಡು, ಒಂದು ಸಾದಾ ನಳಿಗೆಯ ಕೋವಿ, 500 ತೋಟೆ ಎಂಬ ಮಿತಿ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಜಾತಿಯ ಆಧಾರದ ಮೇಲೆ ಈ ಸವಲತ್ತು ಏಕೆ ಎಂದು ಹೈಕೋರ್ಟಿಗೆ ಅರ್ಜಿ ಹೋದಾಗ, 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಈ ನಡುವೆ 1972ರ ವನ್ಯಜೀವಿ ಕಾಯ್ದೆ ಬೇಟೆಯ ದಾರಿ ಮುಚ್ಚಿತು. ಕೋವಿ ಉಳಿಯಿತು, ಅದರ ಎದುರಿಗಿದ್ದ ಪ್ರಾಣಿ ಹೋಗಿ ತೆಂಗಿನಕಾಯಿ ಬಂತು.

ಬೇಟೆಯ ಕೋವಿ ಬೇರೆ ಕೆಲಸಕ್ಕೆ ತಿರುಗಿದ ಕಥೆ ಮುಂಬಯಿಯಲ್ಲೂ ಇದೆ. ಸುಮಾರು 1908ರಲ್ಲಿ ಇಲ್ಲಿನ ಹುಡುಗನೊಬ್ಬ ಏರ್ ಗನ್ನಿನಲ್ಲಿ ಒಂದು ಗುಬ್ಬಿ ಹೊಡೆದ. ಕುತ್ತಿಗೆಯ ಮೇಲೆ ಹಳದಿ ಮಚ್ಚೆ ಇತ್ತು. ಇದು ಯಾವ ಹಕ್ಕಿ ಎಂಬ ಅನುಮಾನ ಹೊತ್ತುಕೊಂಡು, ಸೋದರಮಾವನ ಮಾತಿನಂತೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಗದರಿಸಲಿಲ್ಲ. ಕಪಾಟು ತೆರೆದು ಒಂದೊಂದೇ ಹಕ್ಕಿ ತೋರಿಸಿದರು. ಆ ಹುಡುಗ ಸಲೀಂ ಅಲಿ. ಮುಂದೆ 1939ರ ಹೊತ್ತಿಗೆ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಅವರೇ. ಮಗುವಿನ ಕೈಗೆ ಕೊಟ್ಟ ಸಣ್ಣ ಬಂದೂಕು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಆಮೇಲೆ ಪಕ್ಕದಲ್ಲಿ ಯಾರು ನಿಂತಿದ್ದರು ಎಂಬುದರ ಮೇಲೆ ನಿಂತಿದೆ.

ಇನ್ನೊಂದು ಹೆಸರು ನಮ್ಮವರದೇ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ 10 ಮೀಟರ್ ಏರ್ ರೈಫಲ್ ಫೈನಲ್ ತಲುಪಿದರು. ಅದೇ ವರ್ಷ ಏಷ್ಯನ್ ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ತೆಗೆದರು. ಪನ್ವೇಲ್‌ನಲ್ಲಿ ಅವರು ಕಟ್ಟಿದ ಕ್ಲಬ್ಬಿನಲ್ಲಿ ಈಗ ಮಕ್ಕಳು ಕಲಿಯುತ್ತಾರೆ. ಟೋಕಿಯೊ ಪ್ಯಾರಾಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅವನಿ ಲೇಖರಾ ಅವರ ಕೋಚ್ ಕೂಡ ಇವರೇ. ಏರ್ ರೈಫಲ್ಲಿನ 4.5 ಮಿಲಿಮೀಟರ್ ಪೆಲೆಟ್ ಅರ್ಧ ಗ್ರಾಂ ತೂಗುತ್ತದೆ. ಒದೆತ ಇಲ್ಲವೆಂದೇ ಹೇಳಬೇಕು.

ಕೊನೆಗೆ ಗೆಳೆಯರಿಗೆ ನಾನು ಕೊಟ್ಟ ಉತ್ತರ ಹೀಗಿತ್ತು. ಒಂದು ಸಲಕ್ಕೆ ಒಂದೇ ಗುಂಡು ತುಂಬುವ .22 ಬೋಲ್ಟ್ ರೈಫಲ್. ಬಟ್ಟಿನ ಉದ್ದ ಮಗುವಿನ ತೋಳಿಗೆ ಹೊಂದಬೇಕು. ಬಿಚ್ಚಿ ಸೇರಿಸುವ ತುಂಡುಗಳಿದ್ದರೆ ತಮ್ಮನ ಅಳತೆಯಿಂದ ಅಕ್ಕನ ಅಳತೆಗೆ ಐದು ನಿಮಿಷದಲ್ಲಿ ಬದಲಾಗುತ್ತದೆ, ಅವನು ಬೆಳೆದಂತೆ ಅದೂ ಬೆಳೆಯುತ್ತದೆ. ತೂಕ ಹೊರಲು ಮರಳಿನ ಚೀಲವಿರಲಿ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಕಡ್ಡಾಯ, ಏಕೆಂದರೆ ಮಕ್ಕಳು ಬೆಚ್ಚುವುದು ಒದೆತಕ್ಕಿಂತ ಹೆಚ್ಚಾಗಿ ಸದ್ದಿಗೆ. ಒದೆತ ಸಣ್ಣದು ಎಂದು ಗುಂಡು ಸಣ್ಣದಲ್ಲ; .22 ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ತೆಂಗಿನಕಾಯಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಇಪ್ಪತ್ತೊಂದು ತುಂಬದವರಿಗೆ ಕಾಯ್ದೆ ಬಂದೂಕು ಕೊಡುವುದಿಲ್ಲ. ತರಬೇತಿಗೆ ಮಾತ್ರ ನಿಯಮದಲ್ಲಿ ದಾರಿಯಿದೆ. ವಿನಾಯಿತಿ ಇರುವುದು ಪರವಾನಗಿಗೆ, ಮಗುವಿನ ಜವಾಬ್ದಾರಿಗೆ ಅಲ್ಲ. ಆದ್ದರಿಂದ ರೈಫಲ್ ಅಪ್ಪನ ಹೆಸರಿನಲ್ಲಿ, ಬೀಗದ ಕೈ ಅಪ್ಪನ ಜೇಬಿನಲ್ಲಿ. ಅದಕ್ಕೂ ಮೊದಲು ಆರು ತಿಂಗಳು ಇಬ್ಬರೂ ಇಲ್ಲೇ ಏರ್ ರೈಫಲ್ ಕಲಿಯಲಿ.

ಊರಿನಲ್ಲಿರುವ ಅವರ ಅಪ್ಪ ಫೋನಿನಲ್ಲಿ ನಕ್ಕರಂತೆ: ".22 ಅಂದ್ರೆ ಆಟದ ಸಾಮಾನು." ಗೆಳೆಯರು ಪಂದ್ಯಗಳಲ್ಲೇ ಈಗ .22ಕ್ಕೆ, 12 ಬೋರಿಗೆ ಬೇರೆಬೇರೆ ವಿಭಾಗವಿರುವುದನ್ನು ನೆನಪಿಸಿದರು. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಮೊಮ್ಮಗಳ ಹೆಸರು ಬರೆಸುತ್ತೇನೆ ಎಂದರಂತೆ. ಈಗ ಶನಿವಾರ ಬೆಳಗ್ಗೆ ಮೂರು ಮಕ್ಕಳು ಒಂದೇ ಆಟೋದಲ್ಲಿ ತರಬೇತಿಗೆ ಹೋಗುತ್ತಾರೆ: ಅವರ ಇಬ್ಬರು, ನನ್ನವಳು ಒಬ್ಬಳು. ಹಲಗಲಿ ಎಲ್ಲಿದೆ ಎಂದು ಮೊನ್ನೆ ಆ ಹುಡುಗ ನನ್ನನ್ನು ಕೇಳಿದ. ಮುಂದಿನ ಸಲ ಊರಿಗೆ ಹೋಗುವಾಗ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ.