ಬಣ್ಣದಿಂದ ಎಣ್ಣೆಗೆ: ಕುಸುಬೆಯ ಕಥೆ

ಕುಸುಬೆಯನ್ನು ನಾವು ಎಣ್ಣೆಕಾಳೆಂದೇ ಬಲ್ಲೆವು. ಆದರೆ ಹಿಂದಿನವರು ಇದಕ್ಕೆ ಬೆಲೆ ಕಟ್ಟಿದ್ದು ಹೂವಿಗಾಗಿಯೂ ಹೌದು. ಪ್ರಾಚೀನ ಈಜಿಪ್ಟಿನಲ್ಲಿ ಬಟ್ಟೆಗೆ ಇದರ ಬಣ್ಣ ಕಟ್ಟುತ್ತಿದ್ದರು. ಸಂಸ್ಕೃತದಲ್ಲಿ ಇದು ಕುಸುಂಭ. ಎಸಳುಗಳ ಹಳದಿಯನ್ನು ನೀರಿನಲ್ಲಿ ತೊಳೆದು ಕಳೆದು, ಉಳಿದುದನ್ನು ಕ್ಷಾರದಲ್ಲಿ ನೆನೆಸಿ, ಹುಳಿ ಬೆರೆಸಿದರೆ ಕೆಂಪು ದೊರೆಯುತ್ತಿತ್ತು. ಢಾಕಾ ಸುತ್ತಲಿನ ಕುಸುಬೆ ಹೂ ಇಂಗ್ಲೆಂಡಿಗೂ ಹೋಗುತ್ತಿತ್ತು.

1856ರಲ್ಲಿ ವಿಲಿಯಂ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದರು. ಮುಂದೆ ಕಾರ್ಖಾನೆಯ ಅಗ್ಗದ ಬಣ್ಣಗಳು ಬಂದು ಹೂವಿನ ವ್ಯಾಪಾರ ಕುಗ್ಗಿತು. ಆದರೂ ಬೆಳೆ ಅಳಿಯಲಿಲ್ಲ; ಕಾಳು ಅದನ್ನು ಉಳಿಸಿತು.

ವಿಜಯಪುರ, ಕಲಬುರಗಿ, ಗದಗ ಮುಂತಾದ ಕಡೆಯ ಎರೆಭೂಮಿಯಲ್ಲಿ ಇದು ಹಿಂಗಾರಿ ಬೆಳೆ. ಮಳೆಗಾಲದ ಕೊನೆಯಲ್ಲಿ ಬಿತ್ತಿದರೆ, ತಾಯಿಬೇರು ಆಳಕ್ಕಿಳಿದು ಮಣ್ಣಿನಲ್ಲಿ ಉಳಿದ ತೇವವನ್ನೇ ಹೀರಿ ಬದುಕುತ್ತದೆ. ಮುಳ್ಳಿರುವುದರಿಂದ ಹೊಲದ ಅಂಚಿಗೆ ಬಿತ್ತಿದರೆ ದನಕರುಗಳಿಗೆ ತಡೆ. ಎಳೆಯ ಎಲೆ ಪಲ್ಯಕ್ಕೆ, ಗಾಣದ ಎಣ್ಣೆ ಅಡುಗೆಗೆ, ಹಿಂಡಿ ದನಗಳಿಗೆ. ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಇದು ದೇಹಕ್ಕೆ ಆಹಾರದಿಂದಲೇ ದೊರೆಯಬೇಕಾದ ಕೊಬ್ಬಿನಾಮ್ಲ.

ಇಷ್ಟಿದ್ದರೂ, 1980ರ ದಶಕದಲ್ಲಿ ದೇಶದಲ್ಲಿ ಎಂಟು ಲಕ್ಷ ಹೆಕ್ಟೇರಿಗೂ ಹೆಚ್ಚಿದ್ದ ಕುಸುಬೆ, 2019–20ರ ಹೊತ್ತಿಗೆ ಒಂದು ಲಕ್ಷಕ್ಕೂ ಕೆಳಗಿಳಿಯಿತು. ಮುಳ್ಳಿನ ಗಿಡ ಕೊಯ್ಯಲು ಆಳು ಸಿಗುವುದು ಕಷ್ಟ. ನೀರಾವರಿ ಬಂದಲ್ಲಿ ಬೇರೆ ಬೆಳೆಗಳ ಆಕರ್ಷಣೆ. ಜೊತೆಗೆ ಹೊರದೇಶದ ಅಗ್ಗದ ತಾಳೆ ಎಣ್ಣೆ. ಬರವನ್ನು ತಾಳುವ ಈ ಗಿಡ ಎರಡು ಸಲವೂ ಸೋತದ್ದು ಬರಕ್ಕಲ್ಲ, ಮಾರುಕಟ್ಟೆಗೆ. ಒಣಬೇಸಾಯದ ನಾಳೆಯನ್ನು ಯೋಚಿಸುವ ವಿದ್ಯಾರ್ಥಿಗಳು ಈ ಇತಿಹಾಸವನ್ನು ಮರೆಯಬಾರದು.